ಅಮ್ಮನ ವೀಸಾ ಆಗಲಿಲ್ಲ. ಅರ್ಜಿ ಓದಿದ್ದು ಮನುಷ್ಯನಾ, ಮೆಷಿನ್ನಾ?

ಸ್ಲೋ ಲೋಕಲ್ (ಡೊಂಬಿವಲಿ) · ಭಾನುವಾರ ರಾತ್ರಿ 10:42

ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದವಳು ಇವತ್ತು ಬರೆಯುತ್ತಿದ್ದೇನೆ.

ಅಮ್ಮನಿಗೆ 63. ತಮ್ಮ ಹೊರದೇಶದಲ್ಲಿದ್ದಾನೆ, ಅವನ ಹೆಂಡತಿಗೆ ಈಗ ಏಳು ತಿಂಗಳು. ಹೆರಿಗೆ ಹೊತ್ತಿಗೆ ಹತ್ತಿರ ಇರಲಿ ಅಂತ ಅಮ್ಮನಿಗೆ ವಿಸಿಟರ್ ವೀಸಾ ಹಾಕಿದೆವು. ಹದಿನೆಂಟನೇ ದಿನಕ್ಕೆ ತಿರಸ್ಕಾರ. ದೇಶದ ಹೆಸರು, ಫಾರ್ಮ್ ತುಂಬಿಸಿದವರ ಹೆಸರು ಎರಡನ್ನೂ ಬರೆಯುವುದಿಲ್ಲ. ಮತ್ತೆ ಅರ್ಜಿ ಹಾಕಬೇಕು, ಸುಮ್ನೆ ಯಾಕೆ ರಗಳೆ.

ಪತ್ರದಲ್ಲಿದ್ದದ್ದು ಇಷ್ಟೇ: ಅವಧಿ ಮುಗಿದ ಮೇಲೆ ನೀವು ವಾಪಸು ಹೊರಡುತ್ತೀರಿ ಅಂತ ನನಗೆ ಮನವರಿಕೆಯಾಗಿಲ್ಲ. ಕೆಳಗೆ ಎರಡು ಟಿಕ್. ಸಹಿ ಇಲ್ಲ, ಹೆಸರಿಲ್ಲ.

ನಮ್ಮ ಮೇಲಿನ ಮಹಡಿಯ ಕಾಕೂಗೆ ಅದೇ ದೇಶಕ್ಕೆ ಒಂಬತ್ತು ದಿನದಲ್ಲಿ ಸಿಕ್ಕಿತು. ಅವರ ಮಗನೂ ಅಲ್ಲೇ ಇದ್ದಾನೆ, ಬ್ಯಾಂಕಿನಲ್ಲಿರುವ ದುಡ್ಡು ನಮಗಿಂತ ಕಡಿಮೆ. ಸ್ಟೇಷನ್ ಹತ್ತಿರ ಫಾರ್ಮ್ ತುಂಬುವವರನ್ನು ಕೇಳಿದರೆ, "ಈಗ ಎಲ್ಲ ಎಐ ಮೇಡಂ, ಕಂಪ್ಯೂಟರೇ ರಿಜೆಕ್ಟ್ ಮಾಡುತ್ತದೆ, ಇನ್ನೊಂದು ಸಲ ಹಾಕಿ, ಲಕ್ ನೋಡೋಣ" ಅಂದರು. ಲಾಟರಿ ಟಿಕೆಟ್ ಮಾರುವವನ ಮಾತಿನ ಹಾಗೆ ಕೇಳಿಸಿತು. ನಿಜವಾಗಿ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದವರು ಹೇಳ್ತೀರಾ?

ಸುಮ್ನಿರಪ್ಪ (ಠಾಣೆ) · ರಾತ್ರಿ 10:58

ಮೆಷಿನ್ನೇ. ನಮ್ಮ ಭಾವನಿಗೂ ಹೀಗೇ ಆಯಿತು. ಯುರೋಪಿನ ಬೇರೆ ದೇಶಕ್ಕೆ ಹಾಕಿ, ಹಳೆಯ ರಿಜೆಕ್ಷನ್ ಬಗ್ಗೆ ಬಾಯಿ ಬಿಡಬೇಡಿ. ಅವರಿಗೆ ಹೇಗೆ ಗೊತ್ತಾಗುತ್ತದೆ?

ಫೈಲ್ ಅಕ್ಕ (ಮಾಟುಂಗಾ) · ರಾತ್ರಿ 11:05

ಸುಮ್ನಿರಪ್ಪ ಅವರೇ, ಹೆಸರಿಗೆ ತಕ್ಕ ಹಾಗೆ ದಯವಿಟ್ಟು ಸುಮ್ಮನಿರಿ. ಈ ಸಲಹೆ ಕೇಳಿ ಮನೆ ಮುಳುಗಿಸಿಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಶೆಂಗೆನ್ ದೇಶಗಳಿಗೆಲ್ಲ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳಿಗೆಲ್ಲ, ಸೇರಿ ಒಂದೇ ವೀಸಾ ದಾಖಲೆ ವ್ಯವಸ್ಥೆ ಇದೆ. 2011ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹತ್ತು ಬೆರಳಿನ ಗುರುತು, ಫೋಟೊ, ಹಿಂದೆ ಕೊಟ್ಟದ್ದು, ನಿರಾಕರಿಸಿದ್ದು ಎಲ್ಲ ಅದರಲ್ಲಿ ಐದು ವರ್ಷ ಇರುತ್ತದೆ. ಫ್ರಾನ್ಸ್ ಬೇಡ ಅಂದದ್ದು ಇಟಲಿಯ ಕೌಂಟರಿನವನಿಗೆ ಕೂತಲ್ಲೇ ಕಾಣುತ್ತದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೂಡ ತಮ್ಮತಮ್ಮೊಳಗೆ ಬೆರಳಚ್ಚು ತಾಳೆ ನೋಡಿಕೊಳ್ಳುತ್ತವೆ. "ಹಿಂದೆ ಯಾವ ದೇಶವಾದರೂ ವೀಸಾ ನಿರಾಕರಿಸಿದೆಯಾ" ಅನ್ನುವ ಪ್ರಶ್ನೆಗೆ ಇಲ್ಲ ಅಂತ ಬರೆದು ಸಿಕ್ಕಿಬಿದ್ದರೆ ಕೆನಡಾದಲ್ಲಿ ಐದು ವರ್ಷ ಒಳಗೆ ಕಾಲಿಡುವ ಹಾಗಿಲ್ಲ. ತಿರಸ್ಕಾರ ಆದದ್ದು ತಪ್ಪಲ್ಲ ಮಾರಾಯರೇ, ಮುಚ್ಚಿಟ್ಟದ್ದು ತಪ್ಪು.

ಸ್ಲೋ ಲೋಕಲ್, ನಿನ್ನ ಪ್ರಶ್ನೆಗೆ ನಾಳೆ ಬರೆಯುತ್ತೇನೆ. ಈಗ ಕಣ್ಣು ಎಳೆಯುತ್ತಿದೆ.

ಹಿಂಜೆವಾಡಿ ಹುಡುಗ (ಪುಣೆ) · ಸೋಮವಾರ ಬೆಳಿಗ್ಗೆ 8:20

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಟ್ರಾಫಿಕ್ ಪುಣ್ಯದಿಂದ ಟೈಮ್ ಜಾಸ್ತಿ ಇದೆ. ನಾನು ವೀಸಾ ಕಡೆಯವನಲ್ಲ, ಡೇಟಾಬೇಸ್ ಕೆಲಸದವನು. ಆದರೆ ಗೆಳೆಯನ ಅಪ್ಪಂದು ಎರಡು ಸಲ ತಿರಸ್ಕಾರವಾದಾಗ ಕೋರ್ಟಿನ ತೀರ್ಪು, ಸರ್ಕಾರಗಳೇ ಹಾಕಿದ ಕಾಗದ ಎಲ್ಲ ಕೂತು ಓದಿದ್ದೆ.

ಅಕ್ಕಾ, ಜನ ಮೂರು ಬೇರೆ ಕೆಲಸಗಳನ್ನು ಎಐ ಅನ್ನುವ ಒಂದೇ ಚೀಲಕ್ಕೆ ತುಂಬುತ್ತಾರೆ. ಅರ್ಜಿಗಳನ್ನು ವಿಂಗಡಿಸುವುದು ಒಂದು. ಅಧಿಕಾರಿಗೆ ತೋರಿಸುವುದು ಇನ್ನೊಂದು. ತೀರ್ಮಾನ ಮಾಡುವುದು ಮೂರನೆಯದು.

ವಿಂಗಡಣೆಗೆ ಬ್ರಿಟನ್ನಿನ ಕತೆ ನೋಡಿ. ಅಲ್ಲಿನ ಗೃಹ ಇಲಾಖೆ 2015ರಿಂದ ಒಂದು ತಂತ್ರಾಂಶ ಬಳಸುತ್ತಿತ್ತು. ಅದು ಪ್ರತಿ ಅರ್ಜಿಗೂ ಸಿಗ್ನಲ್ ದೀಪದ ಹಾಗೆ ಕೆಂಪು, ಹಳದಿ, ಹಸಿರು ಬಣ್ಣ ಕೊಡುತ್ತಿತ್ತು. ಹಸಿರಿನವರ ಕಾಗದ ಸರಸರ ಸಾಗುತ್ತಿತ್ತು. ಕೆಂಪಿನವರದ್ದನ್ನು ಜಾಲಾಡುತ್ತಿದ್ದರು. ಬಣ್ಣ ಹಚ್ಚಲು ನೋಡುತ್ತಿದ್ದ ಸಂಗತಿಗಳಲ್ಲಿ ಅರ್ಜಿದಾರ ಯಾವ ದೇಶದವನು ಅನ್ನುವುದೂ ಸೇರಿತ್ತು, ಮತ್ತು ಅನುಮಾನದ ದೇಶಗಳ ಪಟ್ಟಿ ಗುಟ್ಟು. ವಲಸಿಗರ ಪರ ಕೆಲಸ ಮಾಡುವ ಜೆಸಿಡಬ್ಲ್ಯುಐ, ತಂತ್ರಜ್ಞಾನದ ದುರ್ಬಳಕೆ ವಿರುದ್ಧ ಕೆಲಸ ಮಾಡುವ ಫಾಕ್ಸ್‌ಗ್ಲವ್ ಎಂಬ ಎರಡು ಸಂಸ್ಥೆಗಳು ಕೋರ್ಟಿಗೆ ಹೋದವು. ವಾದ ಶುರುವಾಗುವ ಮೊದಲೇ ಇಲಾಖೆ ಸೋತು ಕೈ ಎತ್ತಿತು. 2020ರ ಆಗಸ್ಟ್ 7ರಿಂದ ಅದನ್ನು ನಿಲ್ಲಿಸಿದರು.

ತೋರಿಸುವ ಕೆಲಸಕ್ಕೆ ಕೆನಡಾದ ಚಿನೂಕ್. ಚಿನೂಕ್ ಅಂದರೆ ಅಲ್ಲಿ ಪಶ್ಚಿಮದ ಕಡೆ ಚಳಿಗಾಲದಲ್ಲಿ ಬೀಸುವ ಬೆಚ್ಚನೆ ಗಾಳಿಯ ಹೆಸರು. 2018ರಲ್ಲಿ ಮಾಡಿದ್ದು, ಎಕ್ಸೆಲ್ ಮೇಲೆ ಕಟ್ಟಿದ್ದು. ಹೌದು, ನಾವು ಸೊಸೈಟಿ ಮೇಂಟೆನೆನ್ಸ್ ಲೆಕ್ಕ ಬರೆಯುವ ಅದೇ ಎಕ್ಸೆಲ್! ಮೂಲ ವ್ಯವಸ್ಥೆಯಲ್ಲಿ ಒಬ್ಬರ ಅರ್ಜಿ ನೋಡಬೇಕಾದರೆ ಹತ್ತಾರು ಪರದೆ ತೆರೆಯಬೇಕು, ಕಾಯಬೇಕು. ಚಿನೂಕ್ ಅದರಿಂದ ಬೇಕಾದ್ದನ್ನು ಎತ್ತಿ ಒಬ್ಬ ಅರ್ಜಿದಾರನಿಗೆ ಒಂದು ಸಾಲು ಅಂತ ಹಾಕಿಕೊಡುತ್ತದೆ. ವಯಸ್ಸು, ಉದ್ಯೋಗ, ಯಾಕೆ ಬರುತ್ತಿದ್ದೀರಿ, ಹಿಂದಿನ ಪ್ರಯಾಣ. ಅಧಿಕಾರಿ ಸಾಲು ಸಾಲಾಗಿ ನೋಡುತ್ತ ಹೋಗುತ್ತಾನೆ. ತಿರಸ್ಕರಿಸುವುದಾದರೆ ಕಾರಣ ಬರೆಯಲು ಸಿದ್ಧ ವಾಕ್ಯಗಳೂ ಅದರಲ್ಲೇ ಇವೆ. ಆಯ್ದು ಒತ್ತಿದರೆ ಟಿಪ್ಪಣಿ ತಯಾರು. ಇದು ಎಐ ಅಲ್ಲ, ತಾನಾಗಿ ತೀರ್ಮಾನ ಮಾಡುವುದಿಲ್ಲ ಅಂತ ಅಲ್ಲಿನ ಸರ್ಕಾರ ಹೇಳುತ್ತದೆ. ಅದು ಸರಿಯೇ. 2023ರಲ್ಲಿ ಅಲ್ಲಿನ ಫೆಡರಲ್ ಕೋರ್ಟೂ ಒಂದು ಪ್ರಕರಣದಲ್ಲಿ ತಂತ್ರಾಂಶ ಮಾಹಿತಿ ಜೋಡಿಸಿಕೊಟ್ಟಿರಬಹುದು, ತೀರ್ಮಾನ ಅಧಿಕಾರಿಯದ್ದೇ ಅಂದಿತು.

ಸ್ಟಾಪ್ ಬಂತು. ಉಳಿದದ್ದು ಊಟದ ಹೊತ್ತಿಗೆ.

ನಿವೃತ್ತ ಮ್ಯಾನೇಜರ್ (ಮುಲುಂಡ್) · ಬೆಳಿಗ್ಗೆ 9:47

ಹುಡುಗ ಹೇಳಿದ್ದು ಓದಿ ನನ್ನ ಬ್ಯಾಂಕಿನ ದಿನ ನೆನಪಾಯಿತು. ಬ್ಯಾಂಕಿನ ಹೆಸರು ಬೇಡ, ಉಡುಪಿ ಕಡೆಯವರಿಗೆ ಹೇಗೂ ಊಹೆ ಆಗುತ್ತದೆ.

ಸಾಲದ ಅರ್ಜಿಗಳಲ್ಲಿ ನಮಗೂ ಕೆಲವು "ಏರಿಯಾ"ಗಳಿದ್ದವು. ಆ ಪಿನ್‌ಕೋಡ್ ಕಂಡರೆ ಫೈಲು ಕೆಳಗೆ ಹೋಗುತ್ತಿತ್ತು. ಯಾರೂ ಲಿಖಿತವಾಗಿ ಹೇಳಿರಲಿಲ್ಲ. ಕೆಳಗೆ ಹೋದ ಫೈಲನ್ನು ತೆಗೆದಾಗ ಮನಸ್ಸಿನಲ್ಲಿ ಮೊದಲೇ ಅನುಮಾನ. ಅನುಮಾನ ಇಟ್ಟುಕೊಂಡು ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ, ಕರೆಂಟ್ ಬಿಲ್ಲಿನಲ್ಲಿ ಹೆಸರಿನ ಒಂದು ಅಕ್ಷರ ಹೆಚ್ಚುಕಮ್ಮಿ ಅಂತಲಾದರೂ. ತಿರಸ್ಕಾರ. ವರ್ಷದ ಕೊನೆಗೆ ಲೆಕ್ಕ ತೆಗೆದರೆ ಆ ಏರಿಯಾದಲ್ಲಿ ತಿರಸ್ಕಾರ ಜಾಸ್ತಿ. ನೋಡಿ, ನಾವು ಹೇಳಿದ್ದು ನಿಜ ಆಯಿತಲ್ಲ ಅಂತ ಮುಂದಿನ ವರ್ಷ ಇನ್ನೂ ಬಿಗಿ. ಬ್ರಿಟನ್ನಿನವರ ಕೆಂಪು ಬಣ್ಣದ ಮೇಲೂ ಇದೇ ಆಕ್ಷೇಪ ಇತ್ತು. ಹಿಂದೆ ತಿರಸ್ಕರಿಸಿದ ಲೆಕ್ಕವೇ ಮುಂದಿನ ಬಣ್ಣಕ್ಕೆ ಆಧಾರ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನನ್ನ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸಿದ ಚರಿತ್ರೆಯ ಅಂಕ, ನಾನು ನೋಡಬಹುದು. 2017ರಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿ ಬಿಟ್ಟಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ತಪ್ಪಿದ್ದರೆ ತಿದ್ದಿಸಬಹುದು. ವೀಸಾದಲ್ಲಿ ನನಗೆ ಯಾವ ಬಣ್ಣ ಬಿತ್ತು ಅಂತ ಯಾರನ್ನು ಕೇಳುವುದು?

ಸುಮ್ನಿರಪ್ಪ (ಠಾಣೆ) · ಬೆಳಿಗ್ಗೆ 10:15

ಅದನ್ನೇ ನಾನು ಹೇಳಿದ್ದು, ನನ್ನನ್ನು ಬೈದಿರಿ.

ಹಿಂಜೆವಾಡಿ ಹುಡುಗ (ಪುಣೆ) · ಮಧ್ಯಾಹ್ನ 1:30

ಮುಂದುವರಿಸುತ್ತೇನೆ. ಮೂರನೆಯದು ತೀರ್ಮಾನ. ಇಲ್ಲಿ ನಮಗೆ ನೇರ ಸಂಬಂಧವಿದೆ. 2018ರಲ್ಲಿ ಕೆನಡಾ ಆನ್‌ಲೈನ್ ವಿಸಿಟರ್ ವೀಸಾ ಅರ್ಜಿಗಳ ಮೇಲೆ ಒಂದು ಪ್ರಯೋಗ ಶುರುಮಾಡಿತು. ಮೊದಲು ಹಿಡಿದದ್ದು ಎರಡೇ ದೇಶ, ಚೀನಾ ಮತ್ತು ಭಾರತ. ಅರ್ಜಿ ರಾಶಿ ಅಷ್ಟಿತ್ತು. ಹಿಂದಿನ ಸಾವಿರಾರು ತೀರ್ಮಾನಗಳನ್ನು ನೋಡಿ ಕಂಪ್ಯೂಟರು ಕೆಲವು ನಿಯಮ ಕಲಿಯಿತು. ತೀರಾ ಸರಳ ಅನ್ನಿಸಿದ ಅರ್ಜಿಗಳಿಗೆ "ಅರ್ಹತೆ ಇದೆ" ಅನ್ನುವ ಭಾಗವನ್ನು ಅದೇ ಪಾಸು ಮಾಡುತ್ತದೆ. ಆಮೇಲೆ ಅಪರಾಧ, ಭದ್ರತೆ ಇತ್ಯಾದಿ ನೋಡಲು ಅಧಿಕಾರಿ ಬೇಕೇ ಬೇಕು. ಸರಳ ಅಲ್ಲದ್ದೆಲ್ಲ ಅಧಿಕಾರಿಯ ಮುಂದೆ. 2022ರ ಜನವರಿಯಿಂದ ಕೆನಡಾದ ಹೊರಗಿಂದ ಹಾಕುವ ಎಲ್ಲ ವಿಸಿಟರ್ ವೀಸಾ ಅರ್ಜಿಗಳಿಗೂ ಇದನ್ನು ತಂದರು. ತಿರಸ್ಕರಿಸುವ ಅಧಿಕಾರ ಮಾತ್ರ ಯಂತ್ರಕ್ಕೆ ಕೊಟ್ಟಿಲ್ಲ.

ಹೊಗಳಬೇಕಾದ್ದನ್ನು ಹೊಗಳಬೇಕು: ಕೆನಡಾದಲ್ಲಿ ಸರ್ಕಾರಿ ಇಲಾಖೆ ಇಂಥ ತಂತ್ರಾಂಶ ತರುವ ಮೊದಲು ಅದರಿಂದ ಯಾರಿಗೆ ಏನು ತೊಂದರೆ ಆಗಬಹುದು ಅಂತ ಲೆಕ್ಕ ಹಾಕಿ ಪ್ರಕಟಿಸಬೇಕು. 2019ರಿಂದ ಹಾಗೊಂದು ನಿಯಮವಿದೆ. ನಾನು ಓದಿದ್ದರಲ್ಲಿ ಅರ್ಧ ಅಲ್ಲಿಂದಲೇ ಸಿಕ್ಕಿದ್ದು.

ಸುಮ್ನಿರಪ್ಪ (ಠಾಣೆ) · ಮಧ್ಯಾಹ್ನ 1:41

ಅಂದರೆ ಪಾಸು ಮಾಡುವುದು ಮೆಷಿನ್, ಫೇಲು ಮಾಡುವುದು ಮನುಷ್ಯ. ಚೆನ್ನಾಗಿದೆ. ಮೇಲಿನ ಮಹಡಿ ಕಾಕೂ ಲಿಫ್ಟಿನಲ್ಲಿ ಹೋದರು, ನಿಮ್ಮಮ್ಮ ಮೆಟ್ಟಿಲು ಹತ್ತಿದರು.

ಹಿಂಜೆವಾಡಿ ಹುಡುಗ (ಪುಣೆ) · ಮಧ್ಯಾಹ್ನ 1:44

ಈ ಸಲ ಮಾತ್ರ ಸರಿಯಾಗಿ ಹೇಳಿದಿರಿ ಕಾಕಾ. ಸರಳ ಅಂತ ಯಾವುದನ್ನು ಕರೆಯುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ. ಹಳೆಯ ಅಧಿಕಾರಿಗಳಿಗೆ ಯಾರು ಸರಳವಾಗಿ ಕಂಡರೋ ಅಂಥವರೇ ಕಂಪ್ಯೂಟರಿಗೂ ಸರಳ.

ಫೈಲ್ ಅಕ್ಕ (ಮಾಟುಂಗಾ) · ರಾತ್ರಿ 9:10

ಕೂತು ಬರೆಯುತ್ತಿದ್ದೇನೆ. ಟ್ರಾವೆಲ್ ಆಫೀಸಿನಲ್ಲಿ ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವಳು. ಅಂದಹಾಗೆ ರಾಯಭಾರ ಕಚೇರಿಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಹೊರಗುತ್ತಿಗೆ ವ್ಯವಹಾರ ಇವತ್ತು ಇಡೀ ಜಗತ್ತಿನಲ್ಲಿ ಇದೆಯಲ್ಲ, ಅದರಲ್ಲಿ ಅತಿ ದೊಡ್ಡ ಕಂಪನಿ ಹುಟ್ಟಿದ್ದು 2001ರಲ್ಲಿ, ನಮ್ಮ ಮುಂಬೈನಲ್ಲೇ. ಆ ಕೌಂಟರಿನಲ್ಲಿ ಕೂತವರು ಕಾಗದ ಎಣಿಸುತ್ತಾರೆ, ಬೆರಳಚ್ಚು ತೆಗೆಯುತ್ತಾರೆ. ತೀರ್ಮಾನ ಅವರದ್ದಲ್ಲ. ಅವರ ಹತ್ತಿರ ಜಗಳ ಮಾಡಿ ಪ್ರಯೋಜನ ಇಲ್ಲ.

ಹಿಂದೆ ನಾವು ಫೈಲು ಕಟ್ಟುತ್ತಿದ್ದೆವು. ಮೇಲೆ ಕವರಿಂಗ್ ಲೆಟರ್, ಆಮೇಲೆ ಬ್ಯಾಂಕ್ ಕಾಗದ, ಮನೆ ಕಾಗದ, ಮದುವೆ ಫೋಟೊ ಕೂಡ. ದಪ್ಪ ಫೈಲು ನೋಡಿದರೆ ಅಧಿಕಾರಿಗೂ ಗೌರವ ಅಂತ ನಂಬಿಕೆ. ಈಗಲೂ ಜನ ಅದೇ ಮಾಡುತ್ತಾರೆ, ನಲವತ್ತು ಪುಟದ ಪಿಡಿಎಫ್ ಏರಿಸುತ್ತಾರೆ. ಫಾರ್ಮಿನ ಡಬ್ಬಿಗಳನ್ನು ಮಾತ್ರ ಐದು ನಿಮಿಷದಲ್ಲಿ ತುಂಬಿ ಮುಗಿಸುತ್ತಾರೆ. ತಲೆಕೆಳಗು! ಹುಡುಗ ಹೇಳಿದ ಆ ಒಂದು ಸಾಲು ಮೊದಲು ಬರುವುದು ಡಬ್ಬಿಗಳಿಂದ. ಪಿಡಿಎಫ್ ತೆರೆದು ನೋಡುವುದು ಆಮೇಲೆ. ಡಬ್ಬಿ ಒಂದು ಹೇಳಿ ಪಿಡಿಎಫ್ ಇನ್ನೊಂದು ಹೇಳಿದರೆ ಡಬ್ಬಿಯೇ ಗೆದ್ದಂತೆ.

ನಮ್ಮ ಕನ್ನಡದವರ ಹೆಸರಿನದ್ದೇ ಒಂದು ಪುರಾಣ. ಊರಿನ ಟಿಸಿಯಲ್ಲಿ ಇನಿಶಿಯಲ್ಲು. ಇಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರು ಮರಾಠಿ ಪದ್ಧತಿಯಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ತುಂಡು ಮಾಡುತ್ತಾರೆ. ಅಡ್ಡಹೆಸರು ಇಲ್ಲದವರಿಗೆ ಊರ ಹೆಸರೇ ಅಂಟುತ್ತದೆ. ಆಧಾರಿನಲ್ಲಿ ಇನ್ನೊಂದು ರೂಪ. ಪಾಸ್‌ಪೋರ್ಟಿನಲ್ಲಿ ಎಲ್ಲ ಒಂದೇ ಡಬ್ಬಿಗೆ ಹಾಕಿ ಇನ್ನೊಂದು ಖಾಲಿ ಬಿಟ್ಟವರೂ ಇದ್ದಾರೆ. ಅಮೆರಿಕದ ವೀಸಾದಲ್ಲಿ ಅಂಥವರ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ನಮ್ಮ ಕುಂದಾಪುರದ ಒಬ್ಬರು ತನ್ನನ್ನು ಅಲ್ಲಿ ಎಲ್ಲರೂ "ಫ್ನು" ಅಂತ ಕರೆಯುತ್ತಾರೆ ಅಂತ ನಗುತ್ತಿದ್ದರು. 2022ರ ನವೆಂಬರಿನಲ್ಲಿ ಯುಎಇಯವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾ ಇಲ್ಲ ಅಂದಾಗ ನಗು ನಿಂತಿತು. ಟಿಕೆಟ್ ಕ್ಯಾನ್ಸಲ್ ಮಾಡಿಸಿಯೇ ನನಗೆ ಎರಡು ವಾರ ಹೋಯಿತು.

ಸ್ಲೋ ಲೋಕಲ್, ನಿಮ್ಮದು ಯಾವ ದೇಶವೋ ಇರಲಿ, ಅಧಿಕಾರಿ ಬರೆದ ಒಳಗಿನ ಟಿಪ್ಪಣಿ ಸಿಗುತ್ತದಾ ನೋಡು. ಕೆನಡಾ ಆದರೆ ಐದು ಡಾಲರ್ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಕೆನಡಾದಲ್ಲಿರುವವರು ಕೇಳಬೇಕು, ಅಮ್ಮನ ಒಪ್ಪಿಗೆ ಪತ್ರ ಬೇಕು. ಟಿಪ್ಪಣಿ ನೋಡದೆ ಮತ್ತೆ ಅರ್ಜಿ ಹಾಕಬೇಡ. ಮತ್ತೆ ಕೇಳು, ಉದ್ಯೋಗದ ಡಬ್ಬಿಯಲ್ಲಿ ಏನು ಬರೆದಿದ್ದೀರಿ?

ಸ್ಲೋ ಲೋಕಲ್ (ಡೊಂಬಿವಲಿ) · ರಾತ್ರಿ 9:32

ಅದು ನನಗೂ ಗೊತ್ತಿಲ್ಲ ಅಕ್ಕ. ತುಂಬಿದ್ದು ಅವರು. ಸಹಿ ಹಾಕಿದ್ದು ನಾವು. ಕಾಪಿ ಕೊಟ್ಟಿಲ್ಲ. ತಮ್ಮನಿಗೆ ಹೇಳುತ್ತೇನೆ, ಅಲ್ಲೂ ಹೀಗೆ ಕೇಳುವ ದಾರಿ ಇದೆಯಂತೆ.

ವಾಸ್ಕೊ ಗ್ಯಾಲಿ (ಗೋವಾ) · ಮಂಗಳವಾರ ನಸುಕಿನ 2:15

ಹಡಗಿನಲ್ಲಿದ್ದೇನೆ, ನೆಟ್‌ವರ್ಕ್ ಸಿಕ್ಕಿತು. ಕ್ರೂಸ್ ಅಡುಗೆಮನೆಯಲ್ಲಿ ಹನ್ನೊಂದು ವರ್ಷ. ನಮ್ಮದು ಅಮೆರಿಕದ ಸಿ1/ಡಿ, ಹಡಗಿನ ಸಿಬ್ಬಂದಿ ವೀಸಾ. ವೀಸಾ ಅರ್ಜಿಯ ಡಿಎಸ್-160 ಫಾರ್ಮನ್ನು ಕಂಪನಿ ಹೇಳಿದ ಹಾಗೆ ನಾವೇ ತುಂಬುತ್ತೇವೆ. 2019ರಿಂದ ಐದು ವರ್ಷದ ಸೋಶಿಯಲ್ ಮೀಡಿಯಾ ಹೆಸರುಗಳನ್ನೂ ಕೇಳುತ್ತಾರೆ. ನನ್ನ ಗೆಳೆಯ ಒಬ್ಬ ಹಳೆಯ ಖಾತೆಯ ಹೆಸರೇ ಮರೆತು ಬೆಳಗಾವಿಯ ಶಾಲೆ ಗೆಳೆಯರಿಗೆಲ್ಲ ಫೋನ್ ಮಾಡಿ ಕೇಳಿದ.

ನನ್ನ ಬೆರಳು ಮೆಷಿನ್‌ಗೆ ಹಿಡಿಯುವುದಿಲ್ಲ. ಬಿಸಿ ತವೆ, ಉಪ್ಪು ನೀರು, ಬ್ಲೀಚು ಎಲ್ಲ ಸೇರಿ ತುದಿ ನುಣ್ಣಗೆ ಆಗಿದೆ. ಕಳೆದ ಸಲ ಮುಂಬೈನಲ್ಲಿ ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿ, "ಅಂಕಲ್, ಹಣೆಗೆ ಉಜ್ಜಿ" ಅಂದಳು. ಹಣೆಯ ಎಣ್ಣೆಪಸೆ ತಾಗಿದ ಮೇಲೆ ಹಿಡಿಯಿತು. ಆಮೇಲೆ ಬಿಕೆಸಿಯ ಕಾನ್ಸುಲೇಟಿನಲ್ಲಿ ಸಾಹೇಬ ಕೇಳಿದ್ದು ಎರಡೇ ಪ್ರಶ್ನೆ. ಯಾವ ಹಡಗು, ಏನು ಅಡುಗೆ ಮಾಡ್ತೀರಿ. ಮುಗಿಯಿತು. ಉಳಿದದ್ದೆಲ್ಲ ಅವನ ಪರದೆಯಲ್ಲಿ ಮೊದಲೇ ಇತ್ತು ಅಂತ ಕಾಣುತ್ತದೆ, ಹಿಂದಿನ ಎರಡು ವೀಸಾದ ಫೋಟೊ ಸಮೇತ.

ಕಾಣಕೋಣ ಕಾರವಾರ (ಗೋವಾ) · ಮಂಗಳವಾರ ಬೆಳಿಗ್ಗೆ 7:50

ನಾನು ಇನ್ನೊಂದು ತುದಿಯವನು. ಪಾಳೊಳೆ ಬೀಚ್ ಹತ್ತಿರ ನಾಲ್ಕು ರೂಮು ಬಾಡಿಗೆಗೆ ಕೊಡುತ್ತೇನೆ. ಬರುವವರು ರಷ್ಯಾ, ಇಂಗ್ಲೆಂಡ್, ಇಸ್ರೇಲ್ ಕಡೆಯವರು. ನಾವು ಅವರ ಸರ್ಕಾರಗಳನ್ನು ಬೈಯುವಾಗ ಅವರು ನಮ್ಮದನ್ನು ಬೈಯುತ್ತಿರುತ್ತಾರೆ ಅನ್ನುವುದು ನೆನಪಿರಲಿ.

ಭಾರತದ ಇ-ವೀಸಾ 2014ರ ನವೆಂಬರಿನಲ್ಲಿ ಶುರುವಾದಾಗ 43 ದೇಶಗಳಿಗೆ ಇತ್ತು. ಗೋವಾದ ವಿಮಾನ ನಿಲ್ದಾಣವೂ ಮೊದಲ ಪಟ್ಟಿಯಲ್ಲೇ ಇತ್ತು. ರಾಯಭಾರ ಕಚೇರಿಗೆ ಹೋಗುವುದು ಬೇಡ, ಸಂದರ್ಶನ ಇಲ್ಲ, ಫೋಟೊ ಮತ್ತು ಪಾಸ್‌ಪೋರ್ಟ್ ಪುಟ ಏರಿಸಿದರೆ ಮೇಲ್ ಬರುತ್ತದೆ. ನಮ್ಮ ಸೀಸನ್‌ಗೆ ಅದರಿಂದ ಒಳ್ಳೆಯದೇ ಆಯಿತು. ಹೋದ ವರ್ಷ ಒಬ್ಬ ಅತಿಥಿಯ ಫೋಟೊ ವಾಪಸ್ ಬಂತು. ನೋಡಿದರೆ ಪುಣ್ಯಾತ್ಮ ತಲೆ ಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡು ಹಿಂದೆ ಸಮುದ್ರ ಕಾಣುವ ಹಾಗೆ ತೆಗೆದ ಫೋಟೊ ಹಾಕಿದ್ದ. ಬಿಳಿ ಗೋಡೆ ಮುಂದೆ ನಿಂತು ತೆಗಿ ಅಂತ ನಾನೇ ವಾಟ್ಸ್ಆ್ಯಪ್‌ನಲ್ಲಿ ಹೇಳಿದೆ.

ಅವರು ಬಂದ ಮೇಲೆ ನನ್ನ ಕೆಲಸ. ಯಾವ ವಿದೇಶಿ ಬಂದು ಇಳಿದರೂ 24 ಗಂಟೆಯೊಳಗೆ ನಾವು ಫಾರ್ಮ್ ಸಿ ಅಂತ ಕರೆಯುವ ಫಾರ್ಮ್ ಆನ್‌ಲೈನಿನಲ್ಲಿ ತುಂಬಬೇಕು. ಪಾಸ್‌ಪೋರ್ಟ್, ವೀಸಾ ನಂಬರ್, ಎಲ್ಲಿಂದ ಬಂದ, ಎಲ್ಲಿಗೆ ಹೋಗುತ್ತಾನೆ. ರಾತ್ರಿ ಒಂದು ಗಂಟೆಗೆ ಟ್ಯಾಕ್ಸಿಯಿಂದ ಇಳಿದು ತೂಕಡಿಸುತ್ತಿರುವವನ ಹತ್ತಿರ ಮುಂದೆ ಎಲ್ಲಿಗೆ ಹೋಗ್ತೀಯ ಅಂತ ಕೇಳಿದರೆ ಅವನೇನು ಹೇಳಬೇಕು? "ಹಂಪಿ" ಅನ್ನುತ್ತಾನೆ. ಎಲ್ಲರೂ ಹಂಪಿ ಅನ್ನುತ್ತಾರೆ. ನಾನು ಹಂಪಿ ಅಂತ ಬರೆಯುತ್ತೇನೆ. ಅರ್ಧ ಜನ ಹೋಗುವುದೇ ಇಲ್ಲ. ಸರ್ಕಾರದ ಕಂಪ್ಯೂಟರಿನಲ್ಲಿ ಮಾತ್ರ ಹಂಪಿಯಲ್ಲಿ ಜನಜಾತ್ರೆ.

ಇನ್ನೊಂದು, ನಮ್ಮ ಇ-ವೀಸಾಕ್ಕೆ ನಕಲಿ ವೆಬ್‌ಸೈಟುಗಳು ಬೇಕಾದಷ್ಟಿವೆ. ನೋಡಲು ಅಸಲಿ ತರಹವೇ, ಮೂರು ಪಟ್ಟು ದುಡ್ಡು. ಅಸಲಿಯದ್ದು ಗವ್ ಡಾಟ್ ಇನ್ ಅಂತಲೇ ಮುಗಿಯುತ್ತದೆ. ಹೊರದೇಶದ ಗೆಳೆಯರಿಗೆ ಹೇಳಿಡಿ.

ಹಿಂಜೆವಾಡಿ ಹುಡುಗ (ಪುಣೆ) · ಮಂಗಳವಾರ ಮಧ್ಯಾಹ್ನ 1:15

ಹಂಪಿ ಕತೆ ನಮ್ಮ ಆಫೀಸಿನಲ್ಲಿ ಹೇಳಿದೆ, ಎಲ್ಲ ನಕ್ಕರು. ಡಬ್ಬಿ ಕೇಳುತ್ತದೆ, ಮನುಷ್ಯ ಏನೋ ಒಂದು ತುಂಬುತ್ತಾನೆ, ಆಮೇಲೆ ಅದೇ "ಡೇಟಾ" ಆಗುತ್ತದೆ.

ಅದು ಬಂದದ್ದಕ್ಕೆ ಇನ್ನೊಂದು. ನಮ್ಮ ಪುಣೆಯ ಐಟಿಯವರಿಗೆ ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾ, ಗೊತ್ತು. ವರ್ಷಕ್ಕೆ 85,000 ಜಾಗ. 2020ರ ಮಾರ್ಚ್‌ವರೆಗೆ ಕಟ್ಟುಕಟ್ಟು ಕಾಗದ ಕಳಿಸಬೇಕಿತ್ತು. ಆಮೇಲೆ ಆನ್‌ಲೈನ್ ನೋಂದಣಿ ಬಂತು, ಶುಲ್ಕ ಆಗ ಹತ್ತು ಡಾಲರ್, ಕಂಪ್ಯೂಟರ್ ಚೀಟಿ ಎತ್ತುತ್ತದೆ. ಸುಲಭ ಆಯಿತು ಅಂದುಕೊಂಡರೆ ಒಬ್ಬನೇ ಮನುಷ್ಯನ ಹೆಸರಲ್ಲಿ ನಾಲ್ಕೈದು ಕಂಪನಿಗಳಿಂದ ಚೀಟಿ ಹಾಕಿಸುವುದು ಶುರುವಾಯಿತು. 2023ರ ಸುತ್ತಿನಲ್ಲಿ ನೋಂದಣಿ ಸುಮಾರು 7.8 ಲಕ್ಷ. 2024ರಲ್ಲಿ ನಿಯಮ ಬದಲಿಸಿದರು. ಎಷ್ಟು ಕಂಪನಿ ಹಾಕಿದರೂ ಪಾಸ್‌ಪೋರ್ಟ್ ನಂಬರಿಗೆ ಒಂದೇ ಚೀಟಿ ಅಂತಾಯಿತು. ಆ ವರ್ಷವೇ ಸಂಖ್ಯೆ ಸುಮಾರು 4.8 ಲಕ್ಷಕ್ಕೆ ಇಳಿಯಿತು. ಜನ ಬದಲಾಗಲಿಲ್ಲ, ಚೀಟಿ ಎತ್ತುವ ರೀತಿ ಬದಲಾಯಿತು ಅಷ್ಟೆ.

ಇನ್ನು ಇವೆಲ್ಲ ಕೆಟ್ಟು ನಿಂತರೆ ಏನು ಅಂತ ಕೇಳಬೇಡಿ. 2015ರ ಜೂನ್‌ನಲ್ಲಿ ಅಮೆರಿಕದ ವೀಸಾ ಡೇಟಾಬೇಸಿನ ಹಾರ್ಡ್‌ವೇರ್ ಕೈಕೊಟ್ಟು ಜಗತ್ತಿನಾದ್ಯಂತ ವಾರಗಟ್ಟಲೆ ವೀಸಾ ಅಚ್ಚಾಗಲಿಲ್ಲ. ಭದ್ರತಾ ತಪಾಸಣೆಗೆ ಬೆರಳಚ್ಚು ಕಳಿಸಲೇ ಆಗುತ್ತಿರಲಿಲ್ಲ. ಅಧಿಕಾರಿಗಳು ಕುರ್ಚಿಯಲ್ಲೇ ಇದ್ದರು. ಪೆನ್ನಿನಲ್ಲಿ ಬರೆದುಕೊಡಲು ಆಗುತ್ತದಾ?

ನಿವೃತ್ತ ಮ್ಯಾನೇಜರ್ (ಮುಲುಂಡ್) · ಸಂಜೆ 5:20

ಮಗಾ, "ಮನುಷ್ಯನೇ ತಿರಸ್ಕರಿಸುತ್ತಾನೆ" ಅನ್ನುವ ಮಾತಿನಲ್ಲಿ ನನಗೆ ಅಷ್ಟು ಸಮಾಧಾನ ಇಲ್ಲ. ದಿನಕ್ಕೆ ಇಷ್ಟು ಫೈಲು ಅಂತ ಗುರಿ ಇದ್ದಾಗ ಮನುಷ್ಯನೂ ಮೆಷಿನ್ನೇ. ನಮಗೆ ಮಾರ್ಚ್ ಕೊನೆಯ ವಾರ ಹಾಗೆ ಆಗುತ್ತಿತ್ತು. ಸಿದ್ಧ ವಾಕ್ಯಗಳ ರಬ್ಬರ್ ಸ್ಟ್ಯಾಂಪು ಇಟ್ಟುಕೊಂಡಿದ್ದೆವು, "ಆದಾಯ ಸಾಲದು" ಅಂತ ಒಂದು. ನಾನು ಒಂದು ದಿನ ಅದನ್ನು ಒಬ್ಬ ಡಾಕ್ಟರ ಫೈಲಿಗೆ ಹೊಡೆದೆ. ಮೇಲಿನ ಹಾಳೆ ಅವರ ಕಾಂಪೌಂಡರಿನದ್ದಾಗಿತ್ತು, ಎರಡು ಫೈಲು ಅಂಟಿಕೊಂಡಿದ್ದವು. ಡಾಕ್ಟರು ಬಂದು ಮೇಜು ಗುದ್ದಿದ ಮೇಲೆ ಗೊತ್ತಾಯಿತು. ಅವರು ಬಂದು ಗುದ್ದಬಹುದಾಗಿತ್ತು, ಅದಕ್ಕೆ ಸರಿಹೋಯಿತು.

ಸ್ಲೋ ಲೋಕಲ್ (ಡೊಂಬಿವಲಿ) · ಆರು ವಾರದ ನಂತರ, ಶನಿವಾರ ರಾತ್ರಿ 11:20

ಟಿಪ್ಪಣಿ ಬಂತು. ತಮ್ಮ ಕಳಿಸಿದ. ಇಡೀ ಫೈಲಿನಲ್ಲಿ ಅಮ್ಮನ ಬಗ್ಗೆ ಐದೇ ಸಾಲು. ಕನ್ನಡದಲ್ಲಿ ಹೇಳಿದರೆ ಹೀಗೆ:

"ವಯಸ್ಸು 63, ವಿಧವೆ. ಗೃಹಿಣಿ, ಆದಾಯ ಇಲ್ಲ. ಮಗ ಇಲ್ಲಿದ್ದಾನೆ, ಖರ್ಚು ಮಗನದ್ದು. ವಿದೇಶ ಪ್ರಯಾಣ ಇಲ್ಲ. ವಾಪಸು ಹೋಗಲು ಬಲವಾದ ಕಾರಣ ಕಾಣುತ್ತಿಲ್ಲ."

ನನ್ನ ಅಮ್ಮ ಮುಂಬೈ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ 31 ವರ್ಷ ಟೀಚರು. ಪೆನ್ಷನ್ ಬರುತ್ತದೆ. ಫ್ಲಾಟ್ ಅವಳ ಹೆಸರಲ್ಲಿದೆ. ಅಜ್ಜಿ, 86 ವರ್ಷ, ನಮ್ಮ ಜೊತೆಗೇ ಇದ್ದಾರೆ. ಪೆನ್ಷನ್ ಕಾಗದ ಹಾಕಿದ್ದೆವು, ಪಿಡಿಎಫ್‌ನ 23ನೇ ಪುಟ. ಆದರೆ ಫಾರ್ಮ್ ತುಂಬಿದವರು ಉದ್ಯೋಗದ ಪಟ್ಟಿಯಲ್ಲಿ "ಗೃಹಿಣಿ" ಆರಿಸಿದ್ದಾರೆ. ಆದಾಯದ ಡಬ್ಬಿಯಲ್ಲಿ ಸೊನ್ನೆ. "ನಿಮ್ಮನ್ನು ಅವಲಂಬಿಸಿದವರು" ಅನ್ನುವ ಕಡೆ ಏನೂ ಇಲ್ಲ. ಫೋನ್ ಮಾಡಿ ಕೇಳಿದೆ. "ಲೇಡೀಸ್ ಅಂದರೆ ನಾವು ಅದನ್ನೇ ಹಾಕುವುದು ಮೇಡಂ" ಅಂದರು.

ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "31 ವರ್ಷ ಎಲ್ಲಿ ಹಾಕಿದರು?" ಅಂತ ಕೇಳಿದಳು. ವಿದೇಶ ಪ್ರಯಾಣ ಇಲ್ಲ ಅನ್ನುವ ಸಾಲು ಕೇಳಿ ಮಾತ್ರ ಸಿಟ್ಟು ಬಂತು. ಅವಳು ಕಾಠ್ಮಂಡು, ಮುಕ್ತಿನಾಥ ಎಲ್ಲ ಹೋಗಿ ಬಂದವಳು. ನೇಪಾಳಕ್ಕೆ ನಮಗೆ ಪಾಸ್‌ಪೋರ್ಟ್ ಬೇಡವಲ್ಲ, ಠಸ್ಸೆ ಎಲ್ಲಿಂದ ಬರಬೇಕು?

ಹಾಗಾಗಿ ಶೀರ್ಷಿಕೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ: ಯಾರೋ ಮನುಷ್ಯ ಓದಿದ್ದಾರೆ. ಅವರಿಗೆ ಕಂಡದ್ದು ನನ್ನ ಅಮ್ಮ ಅಲ್ಲ, ಬೇರೆ ಯಾರೋ. ಅಂಥವರನ್ನು ನೋಡಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆನೋ ಏನೋ.

ಫೈಲ್ ಅಕ್ಕ (ಮಾಟುಂಗಾ) · ರಾತ್ರಿ 11:41

ಅದಕ್ಕೇ ಕೇಳಿದ್ದೆ ಉದ್ಯೋಗದ ಡಬ್ಬಿ. "ಲೇಡೀಸ್ ಅಂದರೆ" ಅಂತೆ! ನನ್ನ ಕೈಗೆ ಸಿಗಲಿ ಅವನು.

ಈ ಸಲ ನೀನೇ ತುಂಬು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೋ. ಉದ್ಯೋಗ: ನಿವೃತ್ತ. ಹಿಂದಿನ ಕೆಲಸದ ಡಬ್ಬಿಗಳಲ್ಲಿ ಶಾಲೆ, ಯಾವ ವರ್ಷದಿಂದ ಯಾವ ವರ್ಷ, ಪೂರ್ತಿ ಬರೆ. ಆದಾಯ: ಪೆನ್ಷನ್ ಮೊತ್ತ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬರುವ ಅಂಕೆಗೆ ಸರಿಯಾಗಿ. ಅಜ್ಜಿಯ ವಿಷಯ ಎರಡೇ ವಾಕ್ಯ, ಅಳು ಬೇಡ. ನೇಪಾಳದ ಪ್ರವಾಸ ಪ್ರಯಾಣದ ಡಬ್ಬಿಯಲ್ಲಿ ಹಾಕು, ಟಿಕೆಟ್ ಇದ್ದರೆ ಜೊತೆಗಿಡು. ಹಿಂದೆ ತಿರಸ್ಕಾರ ಆಗಿದೆ ಅಂತ ಬರೆ, ಫಾರ್ಮ್ ತಪ್ಪು ತುಂಬಿತ್ತು ಅಂತ ಬರೆ. ನಲವತ್ತು ಪುಟ ಬೇಡ. ಹದಿನೈದು ಸಾಕು, ಮೊದಲ ಪುಟದಲ್ಲಿ ಯಾವುದು ಎಲ್ಲಿದೆ ಅಂತ ಪಟ್ಟಿ.

ಸುಮ್ನಿರಪ್ಪ (ಠಾಣೆ) · ರಾತ್ರಿ 11:50

ಅಕ್ಕಾ, ನಮ್ಮ ಭಾವನ ಫಾರ್ಮ್ ಒಂದು ಸಲ ನೋಡ್ತೀರಾ? ಅವನ ಹತ್ತಿರವೂ ಕಾಪಿ ಇಲ್ಲ.

ಸ್ಲೋ ಲೋಕಲ್ (ಡೊಂಬಿವಲಿ) · ಹನ್ನೆರಡು ದಿನದ ನಂತರ, ಗುರುವಾರ ರಾತ್ರಿ 9:05

ಅರ್ಜಿ ಹೋಯಿತು. ತುಂಬಲು ಎರಡು ಸಂಜೆ ಹಿಡಿಯಿತು. ನಾನು ಪ್ರಿಂಟ್ ತೆಗೆದುಕೊಟ್ಟೆ, ಅಮ್ಮ ಕೆಂಪು ಪೆನ್ನು ಹಿಡಿದು ಪರೀಕ್ಷೆ ಪೇಪರ್ ತಿದ್ದುವ ಹಾಗೆ ತಿದ್ದಿದಳು. ನನ್ನ ಇಂಗ್ಲಿಷ್ ಸ್ಪೆಲಿಂಗ್ ಎರಡು ಕಡೆ ತಪ್ಪಿತ್ತು. "ನಿವೃತ್ತ ಶಿಕ್ಷಕಿ" ಅನ್ನುವ ಕಡೆ ಮಾತ್ರ ಒಂದು ಟಿಕ್ ಹಾಕಿ ಮುಂದೆ ಹೋದಳು.

ನಿನ್ನೆ ಮಗು ಹುಟ್ಟಿತು. ಹೆಣ್ಣು. ಅಮ್ಮ ವಿಡಿಯೋದಲ್ಲಿ ನೋಡಿದಳು, ಅಲ್ಲಿ ರಾತ್ರಿ, ತಮ್ಮ ಫೋನು ಅಲ್ಲಾಡಿಸುತ್ತಲೇ ಇದ್ದ. ಎಣ್ಣೆ ಹಚ್ಚುವುದು ಹೇಗೆ ಅಂತ ಇಲ್ಲಿಂದಲೇ ದಿಂಬಿನ ಮೇಲೆ ತೋರಿಸಿಕೊಟ್ಟಳು.

ಫೈಲ್ ಅಕ್ಕ (ಮಾಟುಂಗಾ) · ರಾತ್ರಿ 9:12

ಶುಭವಾಗಲಿ ಮಗಾ. ಸ್ಟೇಟಸ್ ಪುಟ ದಿನಾ ಹತ್ತು ಸಲ ತೆರೆಯಬೇಡ.

ಸ್ಲೋ ಲೋಕಲ್ (ಡೊಂಬಿವಲಿ) · ರಾತ್ರಿ 9:14

ಈಗಷ್ಟೇ ನೋಡಿದೆ ಅಕ್ಕ. "ಪರಿಶೀಲನೆಯಲ್ಲಿದೆ" ಅಂತಲೇ ಇದೆ.